ಬೆನ್ನುಮೂಳೆ ಮುರಿದರೂ ಕೊಟ್ಟಿಗೆಯ ದೀಪ ಆರಲಿಲ್ಲ

ಬೆಳಗಿನ ಜಾವ ಐದಕ್ಕೆ ಆ ಮನೆಯ ಕೊಟ್ಟಿಗೆಯಲ್ಲಿ ದೀಪ ಹತ್ತುತ್ತದೆ. ತಾಯಿ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಕೆಚ್ಚಲು ತೊಳೆಯುತ್ತಾರೆ. ತಂದೆ ಸಗಣಿ ಬಾಚಿ ಹುಲ್ಲು ಹಾಕುತ್ತಾರೆ. ಮಗ ಗಾಲಿಕುರ್ಚಿಯಲ್ಲಿ ಬಂದು ಹಾಲು ಕರೆಯುವ ಯಂತ್ರದ ಪಕ್ಕ ನಿಲ್ಲುತ್ತಾನೆ. ಮೋಟಾರಿನ ಗುಂಡಿ ಒತ್ತುವುದು, ಒತ್ತಡದ ಮುಳ್ಳು ನೋಡುವುದು, ಕರೆದ ಹಾಲನ್ನು ತೂಗಿ ಪುಸ್ತಕದಲ್ಲಿ ಬರೆಯುವುದು, ಕೊನೆಗೆ ಯಂತ್ರದ ರಬ್ಬರುಗಳನ್ನು ತೊಳೆದು ನೇತುಹಾಕುವುದು ಅವನ ಕೆಲಸ.

ಕೊಟ್ಟಿಗೆಯಲ್ಲಿ ಈಗ ಮೂರು ಹಸು, ಎರಡು ಕಡಸು ಇವೆ. ಮೂರು ವರ್ಷದ ಹಿಂದೆ ಐದು ಹಸು ಇದ್ದವು. ಆಗ ಕರೆಯುವವನೂ ಅವನೇ, ಮೇವು ಕೊಯ್ಯುವವನೂ ಅವನೇ, ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಡೇರಿಗೆ ಹೋಗುತ್ತಿದ್ದವನೂ ಅವನೇ. ವಯಸ್ಸು ಇಪ್ಪತ್ತನಾಲ್ಕು. ಆ ಸಂಕ್ರಾಂತಿ ಕಳೆದ ವಾರ ಏನಾಯಿತು, ಆಮೇಲೆ ಆ ಮನೆ ಹೇಗೆ ಬದುಕಿಕೊಂಡಿತು ಎಂಬುದನ್ನು ನಮ್ಮ ಉತ್ಪಾದಕ ಬಂಧುಗಳಿಗೆ ತಿಳಿಸಬೇಕೆಂದು ಕೇಳಿದಾಗ ಮನೆಯವರು ಒಪ್ಪಿದರು. ಊರಿನ ಹೆಸರು, ಮನೆಯ ಹೆಸರು ಮಾತ್ರ ಬೇಡ ಎಂದರು. ತುಮಕೂರು ಜಿಲ್ಲೆಯ ಒಂದು ಹಳ್ಳಿ ಎಂದಷ್ಟೇ ಹೇಳುತ್ತೇನೆ.

ಹನ್ನೆರಡು ಅಡಿ ಮೆದೆ

ರಾಗಿ ಒಕ್ಕಣೆ ಮುಗಿದು ಹುಲ್ಲಿನ ಮೆದೆ ಹಾಕಿದ್ದರು. ಜಾಗ ಕಡಿಮೆ ಇದ್ದುದರಿಂದ ಒಂದೇ ಮೆದೆಯನ್ನು ಎತ್ತರಕ್ಕೆ ಏರಿಸಿದ್ದರು, ಸುಮಾರು ಹನ್ನೆರಡು ಅಡಿ. ಸಂಜೆ ಹೊತ್ತಿಗೆ ಅಕಾಲದ ಮೋಡ ಕವಿಯಿತು. ಒಂದು ವರ್ಷದ ಮೇವು ನೆನೆದರೆ ಬೂಷ್ಟು ಹಿಡಿಯುತ್ತದೆ. ಟಾರ್ಪಲ್ ಹೊದಿಸೋಣ ಎಂದು ಮಗ ಮೇಲೆ ಹತ್ತಿದ. ಗಾಳಿಗೆ ಟಾರ್ಪಲ್ ಉಬ್ಬಿತು. ಅದನ್ನು ಹಿಡಿದೆಳೆಯುವಾಗ ಹುಲ್ಲು ಜಾರಿ ಕೆಳಗೆ ಬಿದ್ದ. ಬಿದ್ದದ್ದು ನೆಲಕ್ಕಲ್ಲ, ಹಸುಗಳು ನೀರು ಕುಡಿಯುವ ಕಲ್ಲುಬಾನಿಯ ಅಂಚಿಗೆ.

ನೋವೆಂದು ಕೂಗಿದ. ಕಾಲು ಎಲ್ಲಿದೆ ಎಂದೇ ಗೊತ್ತಾಗುತ್ತಿಲ್ಲ ಎಂದ. ಅಕ್ಕಪಕ್ಕದವರು ಓಡಿಬಂದರು. ಇಬ್ಬರು ಕಂಕುಳಿಗೆ ಕೈ ಕೊಟ್ಟರು, ಇಬ್ಬರು ಕಾಲು ಹಿಡಿದರು, ಎತ್ತಿ ಆಟೋದಲ್ಲಿ ಇಬ್ಬರ ನಡುವೆ ಕೂರಿಸಿದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬೆನ್ನಿಗೆ ಏಟು ಬಿದ್ದವರನ್ನು ಹಾಗೆ ಎತ್ತಲೇಬಾರದು. ಮುರಿದ ಮೂಳೆ ಸರಿದು ಒಳಗಿನ ನರದ ಹುರಿಗೆ ಇನ್ನಷ್ಟು ಪೆಟ್ಟಾಗಬಹುದು. ಆ ದಿನ ಎತ್ತಿದ್ದರಿಂದ ಹೆಚ್ಚಾಯಿತೋ, ಬಿದ್ದಾಗಲೇ ಎಲ್ಲ ಆಗಿತ್ತೋ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಎತ್ತಿದವರಲ್ಲಿ ಒಬ್ಬರು ಇವತ್ತಿಗೂ ಆ ಮನೆಯ ಮುಂದೆ ಹಾದುಹೋಗುವಾಗ ತಲೆ ಎತ್ತಿ ನೋಡುವುದಿಲ್ಲ.

ಪಕ್ಕೆಲುಬು ಸೇರುವ ಬೆನ್ನಿನ ಮೂಳೆಗಳು ಮುಗಿದು ಸೊಂಟದ ಮೂಳೆಗಳು ಶುರುವಾಗುವ ಜಾಗವಿದೆ. ಎತ್ತರದಿಂದ ಬಿದ್ದವರಿಗೆ ಹೆಚ್ಚಾಗಿ ಮುರಿಯುವುದು ಅಲ್ಲೇ. ಇವನಿಗೂ ಅಲ್ಲೇ ಮುರಿದಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಸರಳು, ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಮೂಳೆ ಕೂಡಿತು. ನರದ ಹುರಿ ಮೂಳೆಯಂತೆ ಕೂಡುವುದಿಲ್ಲ. ಸೊಂಟದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ, ಮಲಮೂತ್ರದ ಹಿಡಿತವೂ ಇಲ್ಲ ಎಂಬ ಸ್ಥಿತಿಯಲ್ಲಿ ಮನೆಗೆ ಕರೆತಂದರು.

ಲೆಕ್ಕಕ್ಕೆ ಬಾರದ ಖರ್ಚು

ಆಪರೇಷನ್ ಖರ್ಚಿನ ಬಹುಪಾಲು ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಹೋಯಿತು. "ಅದೊಂದು ದೊಡ್ಡ ಉಪಕಾರ ಆಯ್ತು ಸಾರ್. ಆದ್ರೆ ಆಸ್ಪತ್ರೆ ಬಾಗಿಲು ದಾಟಿದ ಮೇಲಿನ ಖರ್ಚು ಯಾರ ಲೆಕ್ಕದಲ್ಲೂ ಇರಲ್ಲ" ಎಂದರು ತಂದೆ. ಊರಿಗೂ ಬೆಂಗಳೂರಿಗೂ ಕಾರಿನ ಬಾಡಿಗೆ, ಗಾಳಿ ತುಂಬುವ ಹಾಸಿಗೆ, ಮೂತ್ರದ ಚೀಲ, ಬ್ಯಾಂಡೇಜು, ವ್ಯಾಯಾಮ ಮಾಡಿಸುವವರ ಫೀಸು. ಮೊದಲ ನಾಲ್ಕು ತಿಂಗಳಲ್ಲಿ ಎರಡು ಹಸು ಹೋದವು. ಅದರಲ್ಲಿ ಒಂದು ಅವನೇ ಕರುವಿನಿಂದ ಸಾಕಿದ್ದು.

ಯಾರೋ ಹೇಳಿದರೆಂದು ಎಣ್ಣೆ ತಿಕ್ಕಿ ಬಿಸಿ ಇಟ್ಟಿಗೆಯ ಶಾಖ ಕೊಡಿಸಿದರು. ಸ್ಪರ್ಶವೇ ಇಲ್ಲದ ಚರ್ಮಕ್ಕೆ ಬಿಸಿ ಹೇಗೆ ಗೊತ್ತಾಗಬೇಕು? ಹಿಮ್ಮಡಿ ಸುಟ್ಟು ಗುಳ್ಳೆ ಎದ್ದಿತು. ಅದು ಮಾಯುವ ಮೊದಲೇ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಯಿತು. ಒಂದೇ ಮಗ್ಗುಲಲ್ಲಿ ಮಲಗಿದರೆ ಮೂಳೆಯ ಮೇಲಿನ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ನಮಗಾದರೆ ನೋಯುತ್ತದೆ, ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ. ಅವನಿಗೆ ನೋವೂ ಇಲ್ಲ, ತಿರುಗಲು ಶಕ್ತಿಯೂ ಇಲ್ಲ. ಎರಡು ಗಂಟೆಗೊಮ್ಮೆ ಯಾರಾದರೂ ತಿರುಗಿಸಬೇಕು, ಹಗಲೂ ರಾತ್ರಿಯೂ. ಇದನ್ನು ಆಸ್ಪತ್ರೆಯಲ್ಲಿ ಹೇಳಿರಬಹುದು. ಆ ಗಾಬರಿಯಲ್ಲಿ ಮನೆಯವರ ಕಿವಿಗೆ ಬಿದ್ದಿರಲಿಲ್ಲ.

ಆಮೇಲೆ ತಾಯಿ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ, ಐದಕ್ಕೆ ಎದ್ದರು. ಐದಕ್ಕೆ ಎದ್ದವರು ಹಾಗೇ ಕೊಟ್ಟಿಗೆಗೆ. ಎಂಟು ತಿಂಗಳು ಹೀಗೇ ನಡೆಯಿತು. "ಹಸು ಮಾರ್ಬೋದು, ಸಾಲ ಮಾಡಿ ತೀರಿಸ್ಬೋದು. ಎದೆಯೆತ್ತರ ಬೆಳೆದ ಮಗನ್ನ ಕೂಸಿನ ಥರ ಮಗುಚಿ ಮಲಗಿಸ್ಬೇಕಲ್ಲ, ಅವನು ಗೋಡೆ ಕಡೆ ಮುಖ ಮಾಡ್ಕೊಂಡಿರ್ತಿದ್ದ. ನಾನೂ ಮಾತಾಡಿಸ್ತಿರಲಿಲ್ಲ" ಎಂದು ಅವರು ಹೇಳಿದರು. ತಂಗಿ ಡಿಗ್ರಿ ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟು ಮೊಪೆಡ್ಡಿನಲ್ಲಿ ಡೇರಿಗೆ ಹಾಲು ಹಾಕತೊಡಗಿದಳು.

ಕೊಟ್ಟಿಗೆಯ ಕಡೆಗಿದ್ದ ಕಿಟಕಿ

ಹುಣ್ಣು ಮಾಯಬೇಕಾದರೆ ಅದರ ಮೇಲೆ ಭಾರ ಬೀಳಬಾರದು. ಅದಕ್ಕಾಗಿ ಹೊಟ್ಟೆಯ ಮೇಲೆ ಮಲಗಿಸಬೇಕಾಯಿತು. ನಡುಮನೆಯಲ್ಲಿ ಬಂದುಹೋಗುವವರ ಮುಂದೆ ಹಾಗೆ ಮಲಗಲು ಅವನು ಒಪ್ಪಲಿಲ್ಲ. ಮಂಚವನ್ನು ಹಿಂದಿನ ಕೋಣೆಗೆ ಹಾಕಿದರು. ಆ ಕೋಣೆಯ ಕಿಟಕಿ ತೆರೆಯುವುದು ಕೊಟ್ಟಿಗೆಗೆ. ಮೊದಮೊದಲು ಕಿಟಕಿ ಮುಚ್ಚಿ ಎನ್ನುತ್ತಿದ್ದನಂತೆ. ಹಸುಗಳ ಸದ್ದು ಕೇಳುವುದೂ ಬೇಡವಾಗಿತ್ತು. ಬೇಸಿಗೆ ಬಂದು ಸೆಖೆಯಾದಾಗ ತಾಯಿ ಕೇಳದೆ ತೆರೆದಿಟ್ಟರು.

ಒಂದು ರಾತ್ರಿ ಎರಡೂವರೆಗೆ ಅವನೇ ತಾಯಿಯನ್ನು ಕೂಗಿದ. ಏನಾಯಿತೋ ಎಂದು ಗಾಬರಿಯಿಂದ ಬಂದರೆ, "ಅಮ್ಮ, ಕೆಂಚಿ ಬೆದೆಗೆ ಬಂದೈತೆ. ಆಗ್ಲಿಂದ ಕೂಗ್ತೈತೆ, ಲೋಳೆ ಸುರೀತೈತೆ. ಬೆಳಿಗ್ಗೆ ಫೋನ್ ಮಾಡಿ ಹೇಳು" ಎಂದ. ಆ ಹಸು ಕರು ಹಾಕಿ ಏಳು ತಿಂಗಳಾಗಿತ್ತು. ಗಬ್ಬ ನಿಂತಿರಲಿಲ್ಲ. ಬೆದೆಗೇ ಬರುತ್ತಿಲ್ಲ ಎಂದು ಮನೆಯವರು ತಿಳಿದಿದ್ದರು. ಬೆದೆಗೆ ಬರುತ್ತಲೇ ಇತ್ತು. ಬರುತ್ತಿದ್ದುದು ಎಲ್ಲರೂ ಮಲಗಿದ ಹೊತ್ತಿನಲ್ಲಿ.

ನಮ್ಮ ಪಶುವೈದ್ಯರು ತರಬೇತಿಗಳಲ್ಲಿ ಹೇಳುವುದೂ ಇದನ್ನೇ. ಮಿಶ್ರತಳಿ ಹಸು ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಅನೇಕ ಹಸುಗಳಲ್ಲಿ ಬೆದೆಯ ಲಕ್ಷಣ ಕಾಣುವುದು ರಾತ್ರಿ ಮತ್ತು ಬೆಳಗಿನ ಜಾವ. ಲಕ್ಷಣ ಕಂಡ ಸುಮಾರು 12 ಗಂಟೆಯ ನಂತರ ಕೃತಕ ಗರ್ಭಧಾರಣೆ ಮಾಡಿಸಿದರೆ ನಿಲ್ಲುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಕೆಂಚಿಗೆ ಮರುದಿನ ಮಧ್ಯಾಹ್ನ ಇಂಜೆಕ್ಷನ್ ಆಯಿತು. ಗಬ್ಬ ನಿಂತಿತು.

ಆ ದಿನ ಅವನು ಒಂದು ನೋಟುಪುಸ್ತಕ ತರಿಸಿಕೊಂಡ. ಯಾವ ಹಸು ಯಾವತ್ತು ಕರು ಹಾಕಿತು, ಯಾವತ್ತು ಬೆದೆಗೆ ಬಂತು, ಯಾವ ಹೋರಿಯ ವೀರ್ಯ ಹಾಕಿಸಿದ್ದು, ದಿನಕ್ಕೆಷ್ಟು ಹಾಲು, ಎಷ್ಟು ಹಿಂಡಿ, ಎಷ್ಟು ಖನಿಜ ಮಿಶ್ರಣ ಎಂದು ಬರೆಯತೊಡಗಿದ. ಎಲ್ಲ ಹಸುವಿಗೂ ಒಂದೇ ಅಳತೆಯಲ್ಲಿ ಹಿಂಡಿ ಹಾಕುತ್ತಿದ್ದರು. ದೇಹಕ್ಕೆಂದು ಒಂದೂವರೆಯಿಂದ ಎರಡು ಕೆ.ಜಿ., ಅದರ ಮೇಲೆ ಕೊಡುವ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂದು ಅವನು ಲೆಕ್ಕ ಹಾಕಿಕೊಟ್ಟ. ಕಡಿಮೆ ಹಾಲಿನ ಹಸುವಿಗೆ ಸುಮ್ಮನೆ ಹೋಗುತ್ತಿದ್ದ ಹಿಂಡಿ ಉಳಿಯಿತು.

ಹೀಗೆಂದು ಎಲ್ಲವೂ ಸರಿಹೋಯಿತು ಎಂದು ಓದುಗರು ತಿಳಿಯಬಾರದು. ಆ ತಿಂಗಳುಗಳಲ್ಲಿ ಬದುಕೇ ಸಾಕು ಎನ್ನಿಸಿದ ದಿನಗಳೂ ಇದ್ದವು ಎಂದು ಅವನೇ ಹೇಳಿದ. "ಪುಸ್ತಕ ಬರೆದ್ರೆ ಕಾಲು ಬರಲ್ಲ ಸಾರ್. ಆದ್ರೆ ರಾತ್ರಿ ಎಚ್ಚರ ಇರೋದಕ್ಕೆ ಒಂದು ಕಾರಣ ಸಿಕ್ತು" ಎಂದ. ಇಂಥ ಗಾಯವಾದವರಿಗೆ ಮನಸ್ಸಿನ ಆರೈಕೆಯೂ ಚಿಕಿತ್ಸೆಯ ಭಾಗ. ಮಾತು ಬಿಟ್ಟು ಗೋಡೆ ನೋಡುವವರನ್ನು "ಧೈರ್ಯ ತಗೋ" ಎಂದು ಬಿಟ್ಟುಬಿಡದೆ ವೈದ್ಯರಿಗೆ ತೋರಿಸಬೇಕು.

ಕಲಿತ ಮೇಲೆ ಹಗುರಾಯಿತು

ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಅವರು ಮನೆಗೆ ಬಂದು ನೋಡಿ, ಪುನರ್ವಸತಿ ಕೇಂದ್ರವೊಂದಕ್ಕೆ ಕಳುಹಿಸಿದರು. ಹುಣ್ಣು ಮಾದ ಮೇಲೆ ತಾಯಿ ಮಗ ಎರಡು ತಿಂಗಳು ಅಲ್ಲಿದ್ದರು. ನಡೆಸುತ್ತೇವೆ ಎಂದು ಅಲ್ಲಿ ಯಾರೂ ಹೇಳಲಿಲ್ಲ. ಬದುಕುವುದು ಕಲಿಸಿದರು.

ಕೈಬಲದಿಂದ ತಾನೇ ಮಗ್ಗುಲು ತಿರುಗುವುದು, ಮಂಚದಿಂದ ಹಲಗೆಯ ಮೇಲೆ ಜಾರಿ ಕುರ್ಚಿಗೆ ಬರುವುದು, ಕುರ್ಚಿಯಲ್ಲಿ ಕೂತಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತುವುದು, ದಿನವೂ ಕನ್ನಡಿ ಹಿಡಿದು ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ಎಂದು ನೋಡಿಕೊಳ್ಳುವುದು ಕಲಿತ. ಸದಾ ಚೀಲ ನೇತುಹಾಕಿಕೊಳ್ಳುವ ಬದಲು ನಾಲ್ಕರಿಂದ ಆರು ಗಂಟೆಗೊಮ್ಮೆ ಕೈ ಚೆನ್ನಾಗಿ ತೊಳೆದು ತೆಳು ನಳಿಕೆ ಹಾಕಿ ಮೂತ್ರ ತೆಗೆಯುವುದು ಕಲಿತ. ದಿನವೂ ಒಂದೇ ಹೊತ್ತಿಗೆ ಮಲವಿಸರ್ಜನೆಯ ಅಭ್ಯಾಸವಾಯಿತು. "ಆವತ್ತಿಂದ ನಾನು ನೆಂಟರ ಮನೆಗೂ ಹೋಗಬಹುದು ಅನ್ನಿಸ್ತು" ಎಂದ. ಆ ಮಾತಿನ ತೂಕ ಅನುಭವಿಸಿದವರಿಗೇ ಗೊತ್ತು.

ಅಲ್ಲಿ ಯಾರೋ ಅವನಿಗೆ ಡಾ. ಮೇರಿ ವರ್ಗೀಸ್ ಅವರ ಕಥೆ ಹೇಳಿದರಂತೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈದ್ಯೆಯಾಗಿದ್ದ ಅವರು 1954ರಲ್ಲಿ ರಸ್ತೆ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಇಂಥವರಿಗಾಗಿಯೇ ಪುನರ್ವಸತಿ ಸಂಸ್ಥೆ ಶುರುವಾದಾಗ ಅದನ್ನು ಮುನ್ನಡೆಸಿದರು. ನಮ್ಮ ಬೆಂಗಳೂರಿನಲ್ಲೂ ಎನ್.ಎಸ್. ಹೇಮಾ ಅವರು 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆ ಬೆನ್ನುಹುರಿ ಗಾಯವಾದವರ ಜೊತೆ ಕೆಲಸ ಮಾಡುತ್ತಿದೆ.

ಮಗ ಅಲ್ಲಿದ್ದಾಗ ಇತ್ತ ತಂದೆ ಮನೆ ಬದಲಿಸಿದರು. ಹೊಸ್ತಿಲು ತೆಗೆಸಿ ಬಾಗಿಲು ಮೂರಡಿ ಅಗಲ ಮಾಡಿಸಿದರು. ಎತ್ತರದ ಕಮೋಡು ಹಾಕಿಸಿ ಪಕ್ಕದಲ್ಲಿ ಹಿಡಿಕೆ ಕಬ್ಬಿಣ ಕೂರಿಸಿದರು. ಕೊಟ್ಟಿಗೆಗೆ ಇಳಿಜಾರು ಮಾಡಿ, ಗಂಜಲದ ಕಾಲುವೆಗೆ ಕಡಪದ ಕಲ್ಲು ಮುಚ್ಚಿಸಿದರು, ಚಕ್ರ ಸಿಕ್ಕಿಕೊಳ್ಳದಂತೆ. ತಾಯಿಯ ಕೈಗೆ ನೋವು ಬಂದದ್ದರಿಂದ ಹಾಲು ಕರೆಯುವ ಯಂತ್ರ ತಂದರು. ತಂಗಿ ಒಂದು ವರ್ಷ ಕಳೆದು ಮತ್ತೆ ಕಾಲೇಜಿಗೆ ಹೋದಳು.

ಡೇರಿಯ ಮೂರು ಮೆಟ್ಟಿಲು

ಪಕ್ಕದ ಚಕ್ರ ಜೋಡಿಸಿದ ಸ್ಕೂಟರ್ ಬಂದ ಮೇಲೆ ಮಗನೇ ಹಾಲು ತೆಗೆದುಕೊಂಡು ಡೇರಿಗೆ ಹೋಗತೊಡಗಿದ. ಸಂಘದ ಕಟ್ಟಡಕ್ಕೆ ಮೂರು ಮೆಟ್ಟಿಲು. ಅವನು ಕೆಳಗೆ ರಸ್ತೆಯಲ್ಲಿ ನಿಲ್ಲುತ್ತಿದ್ದ, ಯಾರಾದರೂ ಕ್ಯಾನು ಒಳಗೆ ಒಯ್ಯುತ್ತಿದ್ದರು. ಚೀಟಿ ಹೊರಗೆ ಬರುತ್ತಿತ್ತು. ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ಆದರೆ ಸರ್ವ ಸದಸ್ಯರ ಸಭೆಯಲ್ಲಿ ಅವನು ಹೊರಗಿನಿಂದಲೇ ಕೈ ಎತ್ತಿ ಕೇಳಿದ್ದು ಒಂದೇ ಮಾತು: "ಎಲ್ಲರ ಹಾಲಿನ ಫ್ಯಾಟು ಅವರವರ ಕಣ್ಣೆದುರಿಗೆ ನೋಡ್ತಾರೆ. ನಂದನ್ನೂ ನಾನೇ ನೋಡ್ಬೇಕು."

ಸಭೆಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ ಚರ್ಚೆ. ಒಬ್ಬನಿಗೋಸ್ಕರ ಸಂಘದ ದುಡ್ಡು ಯಾಕೆ ಎಂದವರೂ ಇದ್ದರು. ಹಾಲು ಹಾಕುವ ಸದಸ್ಯನಿಗೆ ಸಂಘದ ಒಳಗೆ ಬರಲಾಗದಿದ್ದರೆ ಅದು ಎಂಥ ಸಂಘ ಎಂದವರೂ ಇದ್ದರು. ಕೊನೆಗೆ ಕಟ್ಟಡ ನಿಧಿಯಿಂದ ಇಳಿಜಾರು ಮಾಡಿಸಲು ತೀರ್ಮಾನವಾಯಿತು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ಇಲ್ಲಿ ಎತ್ತರ ಒಂದೂವರೆ ಅಡಿ, ಬೇಕಾದದ್ದು ಹದಿನೆಂಟು ಅಡಿ. ಮುಂದೆ ರಸ್ತೆ ಇದ್ದುದರಿಂದ ಗೋಡೆಯ ಗುಂಟ ಸುತ್ತಿಸಿ ಕಟ್ಟಿದರು. ಈಗ ಕ್ಯಾನು ಹೊತ್ತು ಬರುವ ಹೆಂಗಸರೂ, ಮಂಡಿನೋವಿನ ಹಿರಿಯರೂ ಮೆಟ್ಟಿಲು ಬಿಟ್ಟು ಅದರಲ್ಲೇ ಹತ್ತುತ್ತಾರೆ. ನಮ್ಮ ಎಷ್ಟು ಸಂಘಗಳಲ್ಲಿ ಇಂಥ ದಾರಿ ಇದೆ ಎಂದು ಆಡಳಿತ ಮಂಡಳಿಯವರು ಒಮ್ಮೆ ಹೊರಗೆ ನಿಂತು ನೋಡಬೇಕು.

ಗಮನದಲ್ಲಿಡಿ

• ಬಿದ್ದವರು ಬೆನ್ನು, ಕುತ್ತಿಗೆ ನೋವು ಎಂದರೆ ಅಥವಾ ಕೈಕಾಲು ಜೋಮು ಎಂದರೆ ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಇದ್ದಲ್ಲೇ ಅಲುಗಾಡದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ತಲೆ, ಕುತ್ತಿಗೆ, ಸೊಂಟ ಒಂದೇ ನೇರದಲ್ಲಿರುವಂತೆ ಮೂರ್ನಾಲ್ಕು ಜನ ಒಟ್ಟಿಗೆ ಹೊರಳಿಸಿ ಗಟ್ಟಿ ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ.

• ಮೆದೆ, ಮರ, ಹುಲ್ಲು ತುಂಬಿದ ಟ್ರ್ಯಾಕ್ಟರ್ ಏರುವಾಗ ಕೆಳಗೊಬ್ಬರು ಇರಲಿ. ಮೆದೆಯ ಸುತ್ತ ಕಲ್ಲು, ಬಾನಿ, ಗುಂಡಿ ಇರದಿರಲಿ. ಗಾಳಿಯಲ್ಲಿ ಟಾರ್ಪಲ್ ಹೊದಿಸಲು ಮೇಲೆ ಹತ್ತಬೇಡಿ. ನೆಂದ ಹುಲ್ಲು ಮತ್ತೆ ಕೊಳ್ಳಬಹುದು.

• ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರು, ಶಾಖ, ಸ್ಕೂಟರ್ ಸೈಲೆನ್ಸರ್, ರಾತ್ರಿ ಇಲಿ ಕಡಿತ ಇವೆಲ್ಲ ಅಪಾಯ. ನೀರಿನ ಬಿಸಿಯನ್ನು ಮೊದಲು ಕೈಯಿಂದ ನೋಡಿ.

• ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಮಾಸಾಶನ, ಗಾಲಿಕುರ್ಚಿ ಮುಂತಾದ ಸೌಲಭ್ಯಕ್ಕೆ ಅದೇ ಮೂಲ. ಪಂಚಾಯಿತಿ ಅನುದಾನದಲ್ಲಿ ವಿಕಲಚೇತನರಿಗಾಗಿ ಶೇ. 5 ಮೀಸಲಿಡುವ ನಿಯಮವಿದೆ. ನಿಮ್ಮ ವಿ.ಆರ್.ಡಬ್ಲ್ಯು. ಅವರನ್ನು ಕೇಳಿ.

• ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಇದೆ. ನೋಂದಣಿಯನ್ನು ವರ್ಷವರ್ಷವೂ ನವೀಕರಿಸಬೇಕು. ದಿನಾಂಕವನ್ನು ನಿಮ್ಮ ಕಾರ್ಯದರ್ಶಿಯವರಲ್ಲಿ ವಿಚಾರಿಸಿ.

ಎರಡು ಚಿಕ್ಕ ಮೆದೆ

ಕಷ್ಟ ಮುಗಿದಿಲ್ಲ. ಕಳೆದ ಮಳೆಗಾಲದಲ್ಲಿ ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ. ಹೆಚ್ಚು ಹೊತ್ತು ಕೂತರೆ ಚರ್ಮ ಕೆಂಪಾಗುತ್ತದೆ, ಆಗ ಮತ್ತೆ ಎರಡು ದಿನ ಹೊಟ್ಟೆಯ ಮೇಲೆ. ತಂಗಿಗೆ ಬರುವ ಸಂಬಂಧಗಳವರು ಅಣ್ಣನನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. "ಅವನೇ ನಮ್ಮನ್ನ ನೋಡ್ಕೊಳ್ತಾನೆ ಅಂತ ಹೇಳ್ತೀನಿ" ಎಂದರು ತಾಯಿ. ಮಾರಿದ ಎರಡು ಹಸು ಮಾರಿದ ಹಾಗೇ ಇವೆ. ಆದರೆ ಆ ರಾತ್ರಿ ಕೂಗಿದ ಕೆಂಚಿಯ ಹೆಣ್ಣುಗರು ಈಗ ಕಡಸಾಗಿದೆ.

ಹೊರಡುವಾಗ ಕಣದ ಕಡೆ ನೋಡಿದೆ. ಈ ವರ್ಷದ ಹುಲ್ಲನ್ನು ಒಂದೇ ಮೆದೆ ಮಾಡದೆ ಎರಡು ಚಿಕ್ಕ ಮೆದೆ ಹಾಕಿದ್ದಾರೆ. ನೆಲದ ಮೇಲೆ ನಿಂತೇ ಟಾರ್ಪಲ್ ಎಳೆಯುವಷ್ಟು ಎತ್ತರ. ಕಲ್ಲುಬಾನಿ ಅಲ್ಲಿಲ್ಲ, ಕೊಟ್ಟಿಗೆಯ ಆಚೆ ಬದಿಗೆ ಸಾಗಿಸಿದ್ದಾರೆ. ಜಾಗ ಹೆಚ್ಚು ಹಿಡಿಯುತ್ತದಲ್ಲ ಎಂದೆ. ತಂದೆ ಉತ್ತರ ಹೇಳದೆ ಹಸುಗಳಿಗೆ ನೀರು ತರಲು ಹೋದರು.

ಮಗ ಮೆಲ್ಲಗೆ ಹೇಳಿದ: "ಆವತ್ತು ಟಾರ್ಪಲ್ ಹೊದಿಸು ಅಂದಿದ್ದು ಅಪ್ಪ. ಅವರು ಹೇಳದಿದ್ರೂ ನಾನು ಹತ್ತುತ್ತಿದ್ದೆ ಸಾರ್. ಅದನ್ನ ಅವರಿಗೆ ಎಷ್ಟು ಸಲ ಹೇಳಿದೀನೋ. ಕೇಳಿಸ್ಕೊಳ್ಳಲ್ಲ. ಮೆದೆ ಮಾತ್ರ ಪ್ರತಿ ವರ್ಷ ಒಂದೊಂದು ಅಡಿ ತಗ್ಗಿಸ್ತಾ ಬಂದವ್ರೆ."

ಅಷ್ಟರಲ್ಲಿ ಡೇರಿಗೆ ಹೊತ್ತಾಯಿತು. ತಂದೆ ಬಂದು ಕ್ಯಾನನ್ನು ಸ್ಕೂಟರಿಗೆ ಎತ್ತಿಟ್ಟು ಹಗ್ಗ ಬಿಗಿದರು. ಬಿಗಿದಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಮಗ ಹೊರಟ.